ಗೋರಿಯ ಮೇಲಿನ ಹಾವಸೆ

ವಿಚಿತ್ರ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಒಳಗೊಳಗೇ ತಾತ್ಸಾರ. ಓದುತ್ತಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಓದುವಾಗಲೇ ಬರೆದವರು ಎಲ್ಲಿ ಎಡವಿದರು, ಯಾವ ನೆರಳನ್ನು ಏನೆಂದು ತಿಳಿದರು, ಅಂದು ಎಷ್ಟು ನಿದ್ದೆಗೆಟ್ಟಿದ್ದರು ಎಂದು ಹುಡುಕುತ್ತಿದ್ದೆ. ಇವೆಲ್ಲ ರಾತ್ರಿಯೇ ಯಾಕೆ ಆಗುತ್ತವೆ, ಹಗಲಿಗೇನು ರಜೆಯೇ ಎಂದು ಗೆಳೆಯರೆದುರು ನಕ್ಕದ್ದೂ ಇದೆ. ನನ್ನದು ಆದದ್ದು ಹಗಲಿನಲ್ಲಿ. ಮಳೆ ಬಿಟ್ಟ ಬೆಳಿಗ್ಗೆ, ಒಳ್ಳೆಯ ಬೆಳಕು, ಕೈಯಲ್ಲಿ ಮಸೂರ ಬೇರೆ ಇತ್ತು. ಹಾಗಾಗಿ ಕತ್ತಲೆಯ ಮೇಲೆ ತಪ್ಪು ಹೊರಿಸುವ ದಾರಿಯೂ ನನಗಿಲ್ಲ.

ನಾನು ಸಸ್ಯಶಾಸ್ತ್ರ ಓದಿದವನು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆಂದು ಆರಿಸಿಕೊಂಡದ್ದು ಹಾವಸೆಗಳನ್ನು. ಊರಲ್ಲಿ ಎಲ್ಲವನ್ನೂ ಪಾಚಿ ಎಂದು ಕರೆದು, ಅದರ ಮೇಲೆ ಜಾರಿ ಬಿದ್ದು, ಬೈದು ಎದ್ದುಹೋಗುತ್ತೇವಲ್ಲ, ಆ ಹಸಿರು. ಯಾದಗಿರಿ, ಶಹಾಪುರ, ಸುರಪುರದ ಬಂಡೆಗಳ ಮೇಲೆ ಬೆಳೆಯುವ ಹಾವಸೆಗಳನ್ನು ನೋಡುತ್ತೇನೆ ಎಂದಾಗ ನನ್ನ ಮಾರ್ಗದರ್ಶಕರೇ ನಕ್ಕಿದ್ದರು. ಆ ಬಿಸಿಲಿನಲ್ಲಿ ಏನಪ್ಪಾ ಹುಡುಕುತ್ತೀ ಎಂದರು. ಆ ಬಿಸಿಲೇ ನನಗೆ ಬೇಕಾಗಿತ್ತು. ಹಾವಸೆಗೆ ನಿಜವಾದ ಬೇರಿಲ್ಲ. ಅದು ಮೈಯೆಲ್ಲ ಬಾಯಾಗಿ ನೀರು ಕುಡಿಯುತ್ತದೆ. ನೀರಿಲ್ಲದಾಗ ಎಲೆಗಳನ್ನು ಒಳಕ್ಕೆ ಸುರುಳಿ ಸುತ್ತಿಕೊಂಡು, ಸುಟ್ಟ ಉಣ್ಣೆಯ ಹಾಗೆ ಕಪ್ಪಾಗಿ ಬಂಡೆಗೆ ಅಂಟಿಕೊಂಡಿರುತ್ತದೆ. ಯಾರು ನೋಡಿದರೂ ಸತ್ತಿದೆ ಎಂದೇ ಹೇಳಬೇಕು. ಆದರೆ ಸತ್ತಿರುವುದಿಲ್ಲ. ನೀರು ತಾಗಿದರೆ ಸಾಕು, ನೋಡುತ್ತಿದ್ದ ಹಾಗೆಯೇ ಬಿಚ್ಚಿಕೊಂಡು ಹಸಿರಾಗುತ್ತದೆ.

ಹಾವಸೆಯ ಬಗ್ಗೆ ಓದಿದವರಿಗೆಲ್ಲ ಒಂದು ಚಟವಿರುತ್ತದೆ. ಒಣ ಹಾವಸೆಯ ಕಾಗದದ ಪೊಟ್ಟಣವೊಂದು ಜೇಬಿನಲ್ಲೇ ಇರುತ್ತದೆ. ಯಾರಾದರೂ ಸಿಕ್ಕರೆ ತಟ್ಟೆಯೊಂದನ್ನು ಕೇಳಿ ಪಡೆದು, ಅದರಲ್ಲಿ ಹಾವಸೆ ಹಾಕಿ ನೀರು ಚಿಮುಕಿಸಿ ತೋರಿಸುವುದು. ಶಹಾಪುರದ ಶಾಲೆಗಳಲ್ಲಿ ಮಕ್ಕಳು ಇದಕ್ಕೆ ಚಪ್ಪಾಳೆ ತಟ್ಟಿದ್ದಾರೆ. ಕೊನೆಗೆ ನಾನು ಯಾವಾಗಲೂ ಒಂದೇ ಮಾತು ಹೇಳುತ್ತಿದ್ದೆ: ಜಾದೂ ಅಲ್ಲ, ನೀರು.

ಸುರಪುರದಲ್ಲಿ ನನ್ನ ಜೊತೆ ಬಂಡೆ ಹತ್ತಿಳಿಯುತ್ತಿದ್ದವನು ಗೆಳೆಯ ಶರಣಪ್ಪ. ಅಲ್ಲಿಯೇ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂದು ಬೇಸಿಗೆಯಲ್ಲಿ, ಗುಡ್ಡದ ಎಲ್ಲ ಬಂಡೆಗಳೂ ಕರ್ರಗೆ ಕಾದು ಕುಳಿತಿದ್ದಾಗ, ಬಳೆ ಮಾರುವ ಹುಸೇನಬೀ ಅವರ ಹಿತ್ತಲಿನಲ್ಲಿ ಹಸಿರು ಹಾವಸೆ ಇದೆ ಎಂದು ಆತ ಕರೆದುಕೊಂಡು ಹೋದ. ಹುಸೇನಬೀ ನಡುವಯಸ್ಸು ದಾಟಿದವರು. ಗಂಡ ತೀರಿಹೋಗಿದ್ದರು. ಸಂತೆ ಸಂತೆ ತಿರುಗಿ ಬಳೆ ತೊಡಿಸುತ್ತಿದ್ದರು.

“ಖಾಲಾ, ಇವ್ರು ಪಾಚಿ ಡಾಕ್ಟರ್ ನೋಡು. ಯಾದಗಿರಿಯಿಂದ ಬಂದಾರ,” ಎಂದ ಶರಣಪ್ಪ.

“ಹಂಗಾರ ಮೊದ್ಲು ನಮ್ಮ ಬಚ್ಚಲಾ ತೋರ್ಸು. ಅಲ್ಲಿ ಪೇಷಂಟ್ ಭಾಳ ಅದಾವ,” ಎಂದು ಅವರು ನಕ್ಕರು. “ಕುಂದರ್ರಿ ಸರ. ಚಾ ಇಡ್ತೀನಿ.”

ಹಿತ್ತಲೆಂದರೆ ಗುಡ್ಡದ ಬುಡವೇ. ದೊಡ್ಡದೊಂದು ಬಂಡೆ, ಅದರ ಕೆಳಗೆ ಆ ಮನೆತನದವರ ನಾಲ್ಕಾರು ಹಳೆಯ ಗೋರಿಗಳು. ಎಲ್ಲಕ್ಕಿಂತ ಈಚಿನದು, ಗಚ್ಚು ಹಾಕಿದ್ದು, ಅವರ ಮಗಳು ರುಕ್ಸಾನಾಳದು. ಮದುವೆ ಗೊತ್ತಾಗಿದ್ದ ಹುಡುಗಿ, ಕಾಮಾಲೆಯಾಗಿ ಹೋಗಿದ್ದಳು. ಗೋರಿಯ ಮೈ ತುಂಬ ಹಾವಸೆ ಮಂದವಾಗಿ ಬೆಳೆದಿತ್ತು. ನಾವು ಹೋದದ್ದು ಗುರುವಾರ. ಹುಸೇನಬೀ ಊದುಬತ್ತಿ ಹಚ್ಚಿ, ತಂಬಿಗೆಯಿಂದ ಗೋರಿಯ ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೀರು ಹಾಕಿದರು. ಕಪ್ಪಗಿದ್ದದ್ದು ಮೊದಲು ಕಂದಾಯಿತು, ಆಮೇಲೆ ನೀರು ಹರಿದ ದಾರಿಯಲ್ಲೇ ಹಸಿರು ಏಳತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಇಡೀ ಗೋರಿ ಹಸಿರಾಯಿತು.

“ಸಲಾಂ ತಗೊಂಡ್ಳು,” ಎಂದರು ಹುಸೇನಬೀ, ನನಗಲ್ಲ, ಗೋರಿಯ ಕಡೆ ನೋಡಿ. ಆಮೇಲೆ ಶರಣಪ್ಪನಿಗೆ, “ಹ್ವಾದ ವಾರ ಕೆಂಭಾವಿ ಸಂತ್ಯಾಗ ತಡ ಆತು, ಮಬ್ಬಿನ್ಯಾಗ ಹಾಕಿದ್ನೆಪ್ಪ. ಸಿಟ್ಟಾಗಿದ್ಲು. ಹಸರ ಆಗಾಕ ಎಷ್ಟ್ ಹೊತ್ತು ಹಿಡೀತು ಅಂತಿ!” ಎಂದರು.

ವಾರಕ್ಕೊಮ್ಮೆ ನೀರು ಬೀಳುವುದರಿಂದಲೇ ಅಲ್ಲಿ ಹಾವಸೆ ಅಷ್ಟು ದಟ್ಟವಾಗಿತ್ತು. ನನಗೆ ಅದು ತಕ್ಷಣ ಹೊಳೆಯಿತು, ಖುಷಿಯೂ ಆಯಿತು. ಆ ಖುಷಿಯಲ್ಲೇ ಜೇಬಿಗೆ ಕೈ ಹಾಕಿದೆ. ಅವರೇ ಕೇಳಿದರು, ಅದಕ್ಕೆ ತೋರಿಸಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಮೇಲೊಮ್ಮೆ ಶರಣಪ್ಪನನ್ನು ವಿಚಾರಿಸಿದೆ. “ಖಾಲಾ ಏನೂ ಕೇಳಿಲ್ಲ ಮಾರಾಯ. ನೀನೇ ಪ್ಲೇಟ್ ಬೇಡಿದಿ,” ಎಂದ.

ಪ್ಲೇಟು ಬಂತು. ಪೊಟ್ಟಣ ಬಿಚ್ಚಿ, ಅದೇ ಜಾತಿಯ ಒಣ ಹಾವಸೆ ಹಾಕಿ, ಚಹಾದ ಜೊತೆ ಕೊಟ್ಟಿದ್ದ ನೀರನ್ನೇ ಚಿಮುಕಿಸಿದೆ. ಅದು ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಅವರ ಕಣ್ಣೆದುರಿಗೇ ಎಲೆ ಬಿಚ್ಚಿ ಹಸಿರಾಯಿತು.

ಹುಸೇನಬೀ ಬಾಗಿ ನೋಡಿದರು. “ಇದು ಎಲ್ಲೀದ್ರಿ ಸರ?”

“ನಮ್ಮ ಓಣ್ಯಾಗಿನ ಮೋರಿ ಗ್ವಾಡಿದ್ರಿ ಅಮ್ಮಾ.”

“ಮೋರಿದು?”

“ಹೌದ್ರಿ. ಎಲ್ಲೀದಾದ್ರೂ ಅಷ್ಟ. ನೀವು ಹಾಕಿದ್ರೂ ಆಗ್ತದ, ನಾ ಹಾಕಿದ್ರೂ ಆಗ್ತದ. ಜಾದೂ ಅಲ್ರಿ, ನೀರು.”

ಶಾಲೆಗಳಲ್ಲಿ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದ ಗಳಿಗೆ ಅದು. ಹುಸೇನಬೀ ಪ್ಲೇಟನ್ನು ಓರೆ ಮಾಡಿ ನೀರು ಬಸಿದು, ಹಾವಸೆಯನ್ನು ಜೋಪಾನವಾಗಿ ನನ್ನ ಕಾಗದದಲ್ಲೇ ಇಟ್ಟು ವಾಪಸು ಕೊಟ್ಟರು. “ಚಾ ಕುಡೀರಿ, ಆರ್ತದ,” ಎಂದರು. ದಾರಿಯಲ್ಲಿ ಶರಣಪ್ಪ ಬೈಕ್ ನಿಧಾನ ಮಾಡಿ, “ಮೋರಿ ಅನ್ನೂದಾದ್ರೂ ಬಿಡಬೇಕಿತ್ತಪ್ಪಾ,” ಎಂದ. ಸುಳ್ಳು ಹೇಳಬೇಕಿತ್ತೇನು ಎಂದು ನಾನು ರೇಗಿದೆ.

ಮತ್ತೆ ಅಲ್ಲಿಗೆ ಹೋದದ್ದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಒಣಗಿದ್ದವು ಈಗ ಹೇಗಿವೆ ಎಂದು ನೋಡುವುದು ನನ್ನ ಕೆಲಸದ ಭಾಗವೇ ಆಗಿತ್ತು. ಹಿಂದಿನ ದಿನವಿಡೀ ಮಳೆ ಸುರಿದು ಅಂದು ಬೆಳಿಗ್ಗೆಯಷ್ಟೇ ಬಿಟ್ಟಿತ್ತು. ಹುಸೇನಬೀ ಬಾಗಿಲಲ್ಲಿ ಕುಳಿತು ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದರು. ಮಾತಾಡಿಸಿದರು, ನಕ್ಕರು, ನನ್ನ ತಾಯಿಯವರು ಹೇಗಿದ್ದಾರೆ ಎಂದು ಕೇಳಿದರು. ಹಿತ್ತಲಿಗೆ ಹೋಗಲೇ ಎಂದಾಗ, “ಹೋಗ್ರಿ. ನಿಮ್ಮ ಪಾಚಿ ಅಲ್ಲೇ ಅದ,” ಎಂದರು. ನಿಮ್ಮ ಪಾಚಿ ಎಂದದ್ದು ನನಗೆ ಚುರುಕ್ಕೆಂದಿತು. ಈಗ ಗುರುವಾರ ನೀರು ಹಾಕುವುದಿಲ್ಲವೇ ಎಂದೆ. “ಮಳಿ ಹಾಕಾಕತ್ತದಲ್ರಿ. ನಂದೇನದ ಅದ್ರಾಗ?” ಎಂದು ಮತ್ತೆ ಬಳೆಗಳ ಕಡೆ ತಿರುಗಿದರು.

ಶರಣಪ್ಪ ಬೈಕ್ ನಿಲ್ಲಿಸುತ್ತಿದ್ದ. ನಾನೊಬ್ಬನೇ ಹಿತ್ತಲಿಗೆ ಹೋದೆ.

ಬಂಡೆಯ ಬುಡ ಹಸಿರಾಗಿತ್ತು. ಹಿತ್ತಲ ಗೋಡೆ ಹಸಿರಾಗಿತ್ತು. ಹಳೆಯ ಗೋರಿಗಳ ಕಲ್ಲುಸಂದಿಗಳಲ್ಲೂ ಹಸಿರು ಉಕ್ಕಿತ್ತು. ರುಕ್ಸಾನಾಳ ಗೋರಿಯೊಂದು ಮಾತ್ರ ಕಪ್ಪಗಿತ್ತು. ಹಾವಸೆ ಉದುರಿರಲಿಲ್ಲ, ಮೈತುಂಬ ಇತ್ತು. ಆದರೆ ನಡುಬೇಸಿಗೆಯಲ್ಲಿ ಇರುವ ಹಾಗೆ ಮುದುಡಿಕೊಂಡಿತ್ತು. ಬಂಡೆಯಿಂದ ಇಳಿದ ಹಸಿರು ಗೋರಿಯ ಅಂಚಿನವರೆಗೆ ಬಂದು ಅಲ್ಲಿಗೇ ನಿಂತಿತ್ತು.

ಮೊಣಕಾಲೂರಿ ಮಸೂರ ಹಿಡಿದೆ. ಎಲೆಗಳು ಸುರುಳಿ ಬಿಚ್ಚಿರಲಿಲ್ಲ. ಅವುಗಳ ಮೇಲೆ ಮಳೆಹನಿಗಳು ಗುಂಡಗೆ ನಿಂತಿದ್ದವು, ಒಳಗೆ ಇಳಿದಿರಲಿಲ್ಲ. ಎಣ್ಣೆ ಚೆಲ್ಲಿರಬೇಕು ಎಂದುಕೊಂಡು ಬೆರಳಿನಿಂದ ತಿಕ್ಕಿ ಮೂಸಿ ನೋಡಿದೆ. ಎಣ್ಣೆಯಿಲ್ಲ, ಸುಣ್ಣವಿಲ್ಲ, ಸೋಪಿಲ್ಲ. ಬಾಟಲಿಯ ನೀರು ಹಾಕಿದೆ. ಕಾದೆ. ಮತ್ತೆ ಹಾಕಿದೆ. ನೀರು ಜಾರಿ ಕೆಳಗಿಳಿದು, ನೆಲದ ಮೇಲಿದ್ದ ಹಾವಸೆಯನ್ನು ಇನ್ನಷ್ಟು ಹಸಿರು ಮಾಡಿತು. ಗೋರಿ ಹಾಗೆಯೇ ಇತ್ತು. ಆಗ ನನಗೆ ಹೆದರಿಕೆಯಾಯಿತು ಎಂದರೆ ಸರಿಯಾಗುವುದಿಲ್ಲ. ಮನೆಯೊಂದಕ್ಕೆ ಹೋಗಿ, ಒಳಗೆ ಜನರಿದ್ದೂ ಯಾರೂ ಬಾಗಿಲು ತೆಗೆಯದಿದ್ದಾಗ ಆಗುತ್ತದಲ್ಲ, ಆ ಅವಮಾನದಂಥದು.

ಹಿಂದೆ ಸಪ್ಪಳವಾಯಿತು. ಹುಸೇನಬೀ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು.

“ಅಮ್ಮಾ, ನೀವೊಮ್ಮೆ ಹಾಕ್ರಿ,” ಎಂದೆ. ನನ್ನ ಧ್ವನಿ ನನಗೇ ಬೇಡಿಕೊಂಡಂತೆ ಕೇಳಿತು.

“ಯಾಕ್ರಿ ಸರ? ನೀವು ಹಾಕಿದ್ರೂ ನಾ ಹಾಕಿದ್ರೂ ನೀರು ನೀರೇ ಅಲ್ಲೇನ್ರಿ?” ಎಂದರು. ಕೊಂಕಿರಲಿಲ್ಲ. ಕಲಿತದ್ದನ್ನು ಒಪ್ಪಿಸಿದ ಹಾಗಿತ್ತು. ಗೋರಿಯ ಕಡೆ ಕಣ್ಣೆತ್ತಲಿಲ್ಲ. ಬಾಗಿಲಿನ ಪಕ್ಕ ಒಣಹಾಕಿದ್ದ ಬಟ್ಟೆ ತೆಗೆದುಕೊಂಡು ಒಳಗೆ ಹೋದರು.

ಚಾಕುವಿನಿಂದ ಒಂದು ಚಿಟಿಕೆಯಷ್ಟು ಬಿಡಿಸಿ ಪೊಟ್ಟಣ ಕಟ್ಟಿಕೊಂಡೆ. ಬಾಟಲಿಯಲ್ಲಿ ಉಳಿದಿದ್ದ ನೀರನ್ನೂ ಗೋರಿಯ ಮೇಲೆ ಸುರಿಯುತ್ತಿದ್ದಾಗ ಶರಣಪ್ಪ ಬಂದು, ಮತ್ತೆ ಮೋಡ ಕವಿಯುತ್ತಿದೆ ಎಂದು ಎಬ್ಬಿಸಿಕೊಂಡು ಹೋದ. ಯಾದಗಿರಿಯ ರೂಮಿಗೆ ಬಂದವನೇ, ಷರ್ಟು ಕೂಡ ಬದಲಿಸದೆ, ಪೊಟ್ಟಣ ಬಿಚ್ಚಿ ಬಟ್ಟಲಿನಲ್ಲಿ ಹಾಕಿ ನಲ್ಲಿ ನೀರು ಬಿಟ್ಟೆ. ತಕ್ಷಣ ಹಸಿರಾಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳೆಲ್ಲ ತುಂಬಿಕೊಂಡು, ಯಾವ ಕುಂದೂ ಇಲ್ಲದೆ ಇದ್ದವು. ಜೀವವಿತ್ತು. ಹಾಗಾದರೆ ಅಲ್ಲಿ ಯಾಕೆ ಬಿಚ್ಚಿಕೊಳ್ಳಲಿಲ್ಲ?

ತಿಂಗಳುಗಟ್ಟಲೆ ಇದನ್ನು ಯಾರಿಗೂ ಹೇಳಲಿಲ್ಲ. ಕೊನೆಗೆ ಶರಣಪ್ಪನಿಗೆ ಫೋನ್ ಮಾಡಿ, ಅವತ್ತು ಆ ಗೋರಿ ಒಂದೇ ಕಪ್ಪಗಿದ್ದುದನ್ನು ನೀನೂ ನೋಡಿದೆಯಲ್ಲ ಎಂದು ಕೇಳಿದೆ.

“ಯಾವ ಕಪ್ಪೋ? ಎಲ್ಲಾದರ ಹಂಗ ಅದೂ ಹಸರೇ ಇತ್ತಲ್ಲ,” ಎಂದ. “ನೀನು ಅದರ ಮುಂದ ಕುಂತು ಬಾಟ್ಲಿ ನೀರ್ ಹಾಕಾಕತ್ತಿದ್ದಿ. ಅಂಥಾ ಮಳಿ ಆದಮ್ಯಾಲ ಇವ ಯಾಕ ನೀರ್ ಹಾಕ್ತಾನ ಅನ್ಕೊಂಡೆ. ಮಾರಿ ಬಿಳಚ್ಕೊಂಡಿತ್ತು ನಿಂದು. ಜ್ವರ ಇರಬೇಕಂತ ಸುಮ್ನಾದೆ.”

ಫೋಟೊ ತೆಗೆದಿರಲಿಲ್ಲವೇ ಎಂದು ನೀವು ಕೇಳಬಹುದು. ಪ್ರತಿಯೊಂದು ಬಂಡೆಯ ಫೋಟೊ ತೆಗೆಯುವ ನಾನು ಅಲ್ಲಿ ತೆಗೆದಿರಲಿಲ್ಲ. ಮರೆತೆನೋ, ಬೇಡವೆನಿಸಿತೋ, ಅದೂ ನೆನಪಿಲ್ಲ. ಶರಣಪ್ಪ ಸುಳ್ಳು ಹೇಳುವವನಲ್ಲ. ಆತ ಅಲ್ಲಿ ನಿಂತದ್ದು ಗಳಿಗೆ ಮಾತ್ರ ಎಂಬುದೂ ನಿಜ. ಮಾಡಿದ ತಪ್ಪು ಮೊದಲೇ ಮನಸ್ಸಿನಲ್ಲಿ ಕೊರೆಯುತ್ತಿದ್ದರಿಂದ ಹಸಿರು ನನಗೆ ಕಪ್ಪಾಗಿ ಕಂಡಿತೇ? ಬೇರೆಯವರು ಹೀಗೆ ಬರೆದಿದ್ದರೆ ನಾನು ಹೌದೆಂದು ಹೇಳಿ ಪುಟ ಮಗುಚುತ್ತಿದ್ದೆ. ಆದರೆ ಎಲೆಯ ಮೇಲೆ ಗುಂಡಗೆ ನಿಂತ ಹನಿಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ.

ನನ್ನ ಪೇಚಾಟ ಬೇರೆಯೇ. ಹುಸೇನಬೀ ಅವರಿಗೆ ಇದನ್ನು ಹೇಳಬೇಕು ಅನಿಸುತ್ತಿತ್ತು. ಅಮ್ಮಾ, ನಾನು ಹಾಕಿದರೆ ಆಗಲಿಲ್ಲ, ನನ್ನ ಮಾತು ತಪ್ಪಿರಬಹುದು, ನೀವು ಗುರುವಾರ ನೀರು ಹಾಕುವುದನ್ನು ಬಿಡಬೇಡಿ ಎಂದು. ಹೇಳಿದರೆ, ನೋಡಿದೆನೋ ಇಲ್ಲವೋ ಎಂದು ನನಗೇ ಖಾತ್ರಿಯಿಲ್ಲದ್ದಕ್ಕೆ ಸಾಕ್ಷಿ ಹೇಳಿದಂತಾಗುತ್ತದೆ. ಹೇಳದಿದ್ದರೆ, ಅವರ ಮಗಳ ಸಲಾಮನ್ನು ಮೋರಿಯ ಪಾಚಿಗೆ ಸಮ ಮಾಡಿದ ಮಾತೇ ನನ್ನ ಕೊನೆಯ ಮಾತಾಗಿ ಉಳಿಯುತ್ತದೆ.

ಹೋದ ವರ್ಷ ಕೆಂಭಾವಿಯ ಸಂತೆಯಲ್ಲಿ ಅವರನ್ನು ಕಂಡೆ. ಚಾಪೆಯ ಮೇಲೆ ಬಳೆಗಳನ್ನು ಹರವಿಕೊಂಡು, ಹೊಸ ಮದುವಣಗಿತ್ತಿಯೊಬ್ಬಳ ಕೈಗೆ ಹಸಿರು ಬಳೆ ಏರಿಸುತ್ತಿದ್ದರು. ಹೆಬ್ಬೆರಳ ಗಂಟಿನ ಬಳಿ ಬಳೆ ಸಿಕ್ಕಿಕೊಂಡು ಹುಡುಗಿ ಮುಖ ಕಿವುಚುತ್ತಿದ್ದಳು. “ಕೈ ಸಡ್ಲ ಬಿಡವ್ವಾ. ಅತ್ತಿ ಮನಿಗಿ ಹೊಂಟೀದಿ, ಕುಸ್ತಿಗಿ ಅಲ್ಲ,” ಎನ್ನುತ್ತಿದ್ದರು. ನನ್ನನ್ನು ನೋಡಿ ಸರಿದು ಜಾಗ ಮಾಡಿಕೊಟ್ಟರು.

ಕುಳಿತು, ಮಾತಿಗೆ ಮೊದಲಿಲ್ಲದೆ ಹೇಳಿಬಿಟ್ಟೆ. “ಅಮ್ಮಾ, ಅವತ್ತು ಮಳ್ಯಾಗ ಬಂದಿದ್ನಲ್ರಿ. ಎಲ್ಲಾ ಹಸರ ಆಗಿತ್ತು. ರುಕ್ಸಾನಾಂದು ಒಂದೇ ಆಗಿರಲಿಲ್ಲ. ನಾ ನೀರ್ ಹಾಕಿದ್ರೂ ಆಗಲಿಲ್ರಿ.”

ಅವರ ಬೆರಳು ಬಳೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಒತ್ತಿ, ಬಳೆಯನ್ನು ಗಂಟು ದಾಟಿಸಿದರು.

“ನೀರ್ ಕಮ್ಮಿ ಬಿದ್ದಿರಬೇಕ್ರಿ ಸರ,” ಎಂದರು, ಸಮಾಧಾನ ಮಾಡುವ ಧ್ವನಿಯಲ್ಲಿ. “ಮನಸ್ಸಿಗಿ ಹಚ್ಕೋಬ್ಯಾಡ್ರಿ.”

ಬಾಟಲಿ ಪೂರ್ತಿ ಸುರಿದಿದ್ದೆ, ಅದಕ್ಕೂ ಮೊದಲು ಇಡೀ ದಿನದ ಮಳೆ ಬಿದ್ದಿತ್ತು ಎಂದು ನಾನು ಹೇಳಲಿಲ್ಲ. ಗುರುವಾರ ಈಗ ನೀರು ಹಾಕುತ್ತೀರಾ ಎಂದು ಕೇಳುವ ಧೈರ್ಯವೂ ಆಗಲಿಲ್ಲ. ಹುಡುಗಿ ತನ್ನ ಇನ್ನೊಂದು ಕೈಯನ್ನು ಮುಂದೆ ಚಾಚಿದಳು. ಹುಸೇನಬೀ ಅದನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಅಳತೆ ನೋಡುವುದಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು.