ನನ್ನ ರಾಜ್ಯಕ್ಕೆ ಬೇಸಾಯ ಕಲಿಸಿದವರು

ಯೂನಿಫಾರ್ಮಿನ ತೋಳು ಅವರ ಬೆರಳ ಗೆಣ್ಣಿನವರೆಗೂ ಇಳಿಯುತ್ತಿತ್ತು. ಹಿಂದಿನ ವಾಚ್‌ಮನ್‌ಗೆ ಹೊಲಿಸಿದ್ದ ಅಂಗಿ ಅದು. ಮಾತಿಗೆ ಮೊದಲು ಎರಡೂ ತೋಳನ್ನು ಮೊಣಕೈವರೆಗೆ ಮಡಚಿಕೊಳ್ಳುವುದು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕಾಕಾ ಅವರ ರೂಢಿ. ಮಡಚಿದರೆಂದರೆ ಅರ್ಧ ಗಂಟೆ ಹೋಯಿತೆಂದೇ ತಿಳಿಯಬೇಕು.

ಡೊಂಬಿವಲಿಯಲ್ಲೇ ಹುಟ್ಟಿ, ಮನೆಯಲ್ಲಿ ತುಳು ಮಾತಾಡುವ ನನಗೆ ಅವರ ಕಲಬುರಗಿ ಕನ್ನಡ ಮೊದಮೊದಲು ಅರ್ಧವೇ ತಿಳಿಯುತ್ತಿತ್ತು. ನಂಟು ಬೆಳೆದದ್ದು ಒಂದು ಆಟದಿಂದ. ಭಾನುವಾರ ನಾವು ನಾಲ್ವರು ಗೆಳತಿಯರು ಸೇರುತ್ತಿದ್ದೆವು. ಒಬ್ಬಳು ಹಳೇ ಕಾಲದ ರಾಜ್ಯವೊಂದನ್ನು ಕಲ್ಪಿಸಿ ಕಟ್ಟಬೇಕು. ಉಳಿದವರು ಅದರ ಪ್ರಜೆಗಳಾಗಿ, ದಾಳ ಉರುಳಿಸಿ, ಸಾಹಸ ಮಾಡಬೇಕು. ಕಟ್ಟುವವಳು ನಾನು. ಕೋಟೆ, ಮಾಟಗಾತಿ, ಬೆಂಕಿ ಉಗುಳುವ ಹಾವು ಎಲ್ಲ ಆಯಿತು. ಈ ಜನ ತಿನ್ನುವುದೇನು ಎಂಬಲ್ಲಿ ಬುದ್ಧಿ ನಿಂತಿತು. ಹಾಲು ಪ್ಯಾಕೆಟ್ಟಿನಲ್ಲೇ ಹುಟ್ಟುತ್ತದೆಂದು ನಂಬಿ ಬೆಳೆದವಳು! ಗೇಟಿನಲ್ಲಿ ಕಾಕಾಗೆ ನನ್ನ ಕಾಗದ ಓದಿ ಹೇಳಿದೆ: ಬೆಳೆಯಲ್ಲಿ ಅರ್ಧ ರಾಜನಿಗೆ, ಅರ್ಧ ರೈತನಿಗೆ.

ಕಾಕಾ ತೋಳು ಮಡಚಿದರು.

"ಮತ್ತ ಬೀಜಕ್ಕ? ಎಲ್ಲಾ ತಿಂದ್ರ ಮುಂದಿನ ವರ್ಷ ನಿಮ್ಮ ರಾಜ ಮಣ್ಣು ತಿಂತಾನೇನ್ರೀ ಮೇಡಮ್ಮಾರ? ಕಮ್ಮಾರ, ಬಡಿಗ್ಯಾ, ತಳವಾರ, ಇವರಿಗೆಲ್ಲ ಕಣದಾಗ ಆಯ ಕೊಡಬೇಕು. ರಾಶಿ ಮನೀಗಿ ಹೋಗೂಕಿಂತ ಮೊದಲ ಅವರ ಪಾಲು."

ತಳವಾರನೆಂದರೆ ಊರು ಕಾಯುವವನು. ಕಾಕಾ ಅವರ ಅಪ್ಪ ಅದೇ ಆಗಿದ್ದರಂತೆ. "ಅಪ್ಪಗ ಕಣ್ಣು ಕಾಣದಂಗಾದ ಮ್ಯಾಲೂ ಯಾರೂ ಆಯ ತಪ್ಪಿಸಲಿಲ್ರೀ" ಎಂದರು. ಎಲ್ಲವನ್ನೂ ಬರೆದುಕೊಂಡೆ. ಗೆಳತಿಯರು ನನ್ನನ್ನು ಮಹಾ ಪಂಡಿತೆ ಎಂದುಕೊಂಡರು, ನಾನೂ ಸುಮ್ಮನಿದ್ದೆ. ಅಂದಿನಿಂದ ಆಫೀಸಿಗೆ ಹೊರಟಾಗಲೆಲ್ಲ ಕಾಕಾ ಕೇಳುತ್ತಿದ್ದರು: "ನಿಮ್ಮ ರಾಜ್ಯದಾಗ ಮಳಿ ಆತೇನ್ರೀ?"

ಕಳೆದ ವರ್ಷ ಅವರಿಗೆ ದಮ್ಮು ಹತ್ತಿತು. ಕೂತಲ್ಲೇ ತೂಕಡಿಸುತ್ತಿದ್ದರು. ಕ್ಯಾಮೆರಾ ಹಾಕಿಸಿ ವಾಚ್‌ಮನ್‌ನನ್ನು ಬಿಡಿಸೋಣವೆಂದು ಸೊಸೈಟಿಯ ಮೀಟಿಂಗ್ ಕರೆದರು. ಅದರ ಹಿಂದಿನ ದಿನ ಕಾಕಾ ನನ್ನನ್ನು ನಿಲ್ಲಿಸಿ, "ನನ್ನ ಪರವಾಗಿ ಒಂದ್ ಮಾತು ಆಡ್ರೀ. ಈ ವಯಸ್ಸಿನಾಗ ಮತ್ತ್ಯಾರೂ ಇಟ್ಕೊಳ್ಳಂಗಿಲ್ಲ" ಎಂದರು. ಆಡುತ್ತೇನೆ ಕಾಕಾ ಎಂದೆ.

ಸೆಕ್ರೆಟರಿ, "ಬಿಡಿಸೋಣ ಅನ್ನುವವರು ಕೈ ಎತ್ತಿ" ಎಂದರು. ಅಕ್ಕಪಕ್ಕದ ಕೈಗಳೆಲ್ಲ ಮೇಲೆದ್ದವು. ಗುಂಪಿನಲ್ಲಿ ಗೋವಿಂದ ಎಂದು ನಾನೂ ಎತ್ತಿದೆ. ಯಾರ ಭಯವೂ ಇರಲಿಲ್ಲ. ಒಬ್ಬಳೇ ಬೇರೆಯಾಗಿ ಕಾಣಲು ಮುಜುಗರ, ಅಷ್ಟೇ. ಕಾಕಾ ಹೊರಟ ದಿನ ನಾನು ಕೆಳಗಿಳಿಯಲಿಲ್ಲ. ಆಮೇಲೆ ಆಟದ ಕಾಗದ ಬಿಡಿಸಿದಾಗಲೆಲ್ಲ ನನ್ನ ಮೇಲೆಯೇ ಹೇಸಿಗೆಯಾಗಿ, ಆಟವನ್ನೇ ಬಿಟ್ಟೆ.

ನಾಲ್ಕು ತಿಂಗಳಿಗೆ ಕಾಕಾ ತೀರಿಕೊಂಡ ಸುದ್ದಿ ಬಂತು. ವಿಠ್ಠಲವಾಡಿಯ ಅವರ ಒಂದೇ ಕೋಣೆಯ ಮನೆ ಹುಡುಕಿಕೊಂಡು ಹೋದೆ. ಇಲ್ಲೇ ಹುಟ್ಟಿ ಬೆಳೆದ ಮಗಳು, ಇದ್ದೊಂದು ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಹಿಂದಿ ಬೆರೆಸಿದ ಕನ್ನಡದಲ್ಲಿ ಹೇಳಿದಳು: "ಅಪ್ಪಾ ಸಬ್ ಕೋ ಹೇಳ್ತಿದ್ರು ಮೇಡಂ. ಮೀಟಿಂಗ್‌ದಾಗ ನೀವು ಒಬ್ರೇ ಕೈ ಎತ್ತಲಿಲ್ಲ ಅಂತ."

ನಾನು ಹೌದೆಂಬಂತೆ ತಲೆಯಾಡಿಸಿದೆ.