ಒಂದು ಖಡುವಿನ ಕಾಲನಿರ್ಣಯ

ಬರೆದ ತಾರೀಖನ್ನು ಬರೆದಂತೆಯೇ ನಂಬುವ ಅಭ್ಯಾಸ ನನಗಿಲ್ಲ. ಇದು ಗುಣವೋ ರೋಗವೋ ಹೇಳಲಾರೆ. ಜೀವಮಾನವಿಡೀ ಹಳೆಯ ಶಾಸನಗಳನ್ನು ಓದಿ ನಿವೃತ್ತನಾದವನಿಗೆ ವೃತ್ತಿಯಿಂದ ಅಂಟಿಕೊಂಡದ್ದು ಎಂದಷ್ಟೇ ಹೇಳಬಲ್ಲೆ. ಹಾಲಿನ ಡಬ್ಬಿಯ ಮೇಲಿನ ತಾರೀಖನ್ನು ಅಂಗಡಿಯ ರಸೀದಿಯೊಂದಿಗೆ ತಾಳೆ ನೋಡುತ್ತೇನೆ. ಇಲ್ಲಿ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಮಿಠಾಯಿ ಅಂಗಡಿಯವನು "ಆಜ್ ಕಾ ಹೈ ಅಂಕಲ್, ಏಕ್‌ದಮ್ ಫ್ರೆಶ್" ಎಂದು ಕೊಟ್ಟ ಮೈಸೂರು ಪಾಕಿನ ಅಂಚನ್ನು ಉಗುರಿನಿಂದ ಮೀಟಿ, ಅದು ಯಾವ ವಾರದ ಪಾಕವೆಂದು ಮನಸ್ಸಿನಲ್ಲೇ ಗುಣಿಸುತ್ತೇನೆ. ನಮ್ಮ ಮದುವೆಯ ಲಗ್ನಪತ್ರಿಕೆಯಲ್ಲಿ ತಿಥಿಗೂ ವಾರಕ್ಕೂ ಹೊಂದಾಣಿಕೆಯಿಲ್ಲವೆಂಬುದನ್ನು ಮದುವೆಯಾದ ಮೂರನೆಯ ದಿನ ಪತ್ತೆಹಚ್ಚಿ ಹೆಂಡತಿಗೆ ತಿಳಿಸಿದ್ದೆ. "ಹಂಗಾದ್ರ ಲಗ್ನನ ಆಗಿಲ್ಲ ಅಂತ ತಿಳಕೊಂಡು ನಿಮ್ಮ ಮನಿಗೆ ನೀವು ಹೋಗ್ರಿ" ಎಂದಿದ್ದಳು ಗಂಗಾ. ನಾವು ಕೂತಿದ್ದದ್ದೇ ನಮ್ಮ ಮನೆಯಲ್ಲಿ ಎಂಬ ತಿದ್ದುಪಡಿಯನ್ನು ನಾನು ಸೂಚಿಸಿದೆ. ಆ ದಿನ ಊಟ ತಡವಾಯಿತು.

ಈ ಸಂಶಯಕ್ಕೆ ಶಾಸ್ತ್ರದ ಆಧಾರವೂ ಇದೆ. ಹಳೆಯ ಕಾಲದಲ್ಲಿ ಭೂಮಿಯ ಮೇಲೆ ಹಕ್ಕು ಸಾಧಿಸಲು, ಎಂದೋ ಸತ್ತ ರಾಜನ ಹೆಸರಿನಲ್ಲಿ ತಾಮ್ರಪಟಗಳನ್ನು ಹೊಸದಾಗಿ ಸೃಷ್ಟಿಸುತ್ತಿದ್ದರು. ಇಂಥವನ್ನು ನಾವು ಕೂಟಶಾಸನ ಎನ್ನುತ್ತೇವೆ. ಲಿಪಿಯನ್ನು ಅನುಕರಿಸಬಹುದು, ರಾಜನನ್ನು ಹೊಗಳುವ ಪ್ರಶಸ್ತಿಯನ್ನು ನಕಲು ಮಾಡಬಹುದು. ಆದರೆ ಇಂಥ ಮಾಸದ ಇಂಥ ತಿಥಿ ಸೋಮವಾರ ಬಂದಿತ್ತು ಎಂದು ಬರೆದಾಗ, ಲೆಕ್ಕ ಹಾಕಿದರೆ ಅದು ಗುರುವಾರ ಬರುತ್ತದೆ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಇನ್ನೊಂದು ಲಕ್ಷಣವನ್ನು ನಾನು ಅನುಭವದಿಂದ ಕಂಡುಕೊಂಡಿದ್ದೇನೆ: ಕೂಟಶಾಸನ ಬರೆಯುವವನು ಬೇಡದ ವಿವರಗಳನ್ನು ಧಾರಾಳವಾಗಿ ತುಂಬುತ್ತಾನೆ. ದಾನ ಕೊಟ್ಟ ರಾಜ ಆಗ ಯಾವ ಮರದ ಕೆಳಗೆ ನಿಂತಿದ್ದ ಎಂಬುದೂ ಅವನಿಗೆ ಗೊತ್ತಿರುತ್ತದೆ. ನಿಜವಾದ ಶಾಸನ ಅಷ್ಟೆಲ್ಲ ಮಾತನಾಡುವುದಿಲ್ಲ. ಎಷ್ಟೋ ಕಡೆ ಅದು ಕೊನೆಯಲ್ಲಿ ಇಬ್ಬರ ಹೆಸರನ್ನು ಬೇರೆಬೇರೆಯಾಗಿ ಹೇಳಿ ಸುಮ್ಮನಾಗುತ್ತದೆ: ಬರೆದವನು ಇಂಥವನು, ಕಂಡರಿಸಿದವನು ಇಂಥವನು. ಪದ್ಯ ಕಟ್ಟಿದವನು ಒಬ್ಬ, ಉಳಿ ಹಿಡಿದು ಕಲ್ಲಿನಲ್ಲೋ ತಾಮ್ರದಲ್ಲೋ ಅಕ್ಷರ ಕೆತ್ತಿದವನು ಇನ್ನೊಬ್ಬ. ಒಬ್ಬರ ಕೆಲಸವನ್ನು ಇನ್ನೊಬ್ಬರು ತಮ್ಮದೆನ್ನುವಂತಿಲ್ಲ.

ಇಷ್ಟು ಪೀಠಿಕೆ ಹಾಕಿದ್ದಕ್ಕೆ ಕಾರಣ, ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನ ನಮ್ಮ ಮನೆಯ ಮೇಜಿನ ಡ್ರಾಯರಿನಲ್ಲಿ, ಹಳೆಯ ಕನ್ನಡಕದ ಪೆಟ್ಟಿಗೆಯೊಳಗೆ ಹತ್ತಿಯಲ್ಲಿ ಸುತ್ತಿಟ್ಟಿರುವ ಒಂದು ಖಡು. ಧಾರವಾಡದ ಕಡೆ ನಾವು ಚಾಕ್‌ಪೀಸಿಗೆ ಖಡು ಎನ್ನುತ್ತೇವೆ. ಇದು ಹೆಬ್ಬೆರಳಿನಷ್ಟು ದಪ್ಪವಿದೆ. ಒಂದು ತುದಿ ಆರು ಮೂಲೆಯ ಕಂಬದಂತಿದೆ. ನಡುವೆ ಎರಡು ಮೆಟ್ಟಿಲಿನಂಥ ಕಚ್ಚು. ಇನ್ನೊಂದು ತುದಿ ಮುರಿದಿದೆ.

ಮನೆಗೆ ಬಂದವರಿಗೆಲ್ಲ ನಾನು ಇದನ್ನು ತೋರಿಸಿ ಕಥೆ ಹೇಳುತ್ತಿದ್ದೆ. ಒಂದು ಕಾಲದಲ್ಲಿ ಅಮೆರಿಕದ ದಂತವೈದ್ಯಕೀಯ ಕಾಲೇಜುಗಳ ಪ್ರವೇಶ ಪರೀಕ್ಷೆಯಲ್ಲಿ ಖಡು ಕೆತ್ತುವ ಒಂದು ಭಾಗವಿತ್ತು. ಅಭ್ಯರ್ಥಿಯ ಮುಂದೆ ಖಡು, ಚಾಕು, ಅಳತೆಪಟ್ಟಿ ಮತ್ತು ಒಂದು ನಕ್ಷೆ ಇಡುತ್ತಿದ್ದರು. ನಕ್ಷೆಯಲ್ಲಿದ್ದ ಆಕಾರವನ್ನು ಅದೇ ಅಳತೆಗೆ, ಅಂಚು ಮೊಂಡಾಗದಂತೆ, ನಿಗದಿತ ಸಮಯದಲ್ಲಿ ಕೆತ್ತಬೇಕು. ಜನರ ಹಲ್ಲಿಗೆ ಕೈ ಹಾಕುವ ಮೊದಲು ಆ ಕೈ ಎಂಥದೆಂದು ನೋಡುವುದು ಉದ್ದೇಶ. ಇದಿಷ್ಟು ಇತಿಹಾಸ. ಮುಂದಿನದು ನನ್ನ ಕಥೆ: ರಸಾಯನಶಾಸ್ತ್ರ ಓದಲು ಡಾಲಸ್‌ಗೆ ಬಂದಿದ್ದ ನಾನು ದಂತವೈದ್ಯನಾಗುವ ಆಸೆಯಿಂದ ಆ ಪರೀಕ್ಷೆಗೆ ಕೂತೆ. ಕೆತ್ತನೆ ಮುಗಿಯಲು ಮೂರೇ ನಿಮಿಷವಿದ್ದಾಗ, ಕೆಂಪು ಟೈ ಕಟ್ಟಿದ್ದ ಬೋಳುತಲೆಯ ಮೇಲ್ವಿಚಾರಕ ನನ್ನ ಬೆನ್ನ ಹಿಂದೆಯೇ ಜೋರಾಗಿ ಸೀನಿದ. ಚಾಕು ಜಾರಿತು, ಖಡು ಮುರಿಯಿತು, ನಾನು ಫೇಲಾದೆ. ಬೇಸರದಿಂದ ಗ್ರಂಥಾಲಯಕ್ಕೆ ಹೋಗಿ ಕೈಗೆ ಸಿಕ್ಕ ಪುಸ್ತಕ ತೆರೆದರೆ ಅದು ಶಾಸನಗಳ ಸಂಪುಟ. ಜಗತ್ತು ಒಬ್ಬ ದಂತವೈದ್ಯನನ್ನು ಕಳೆದುಕೊಂಡಿತು. ಜಗತ್ತಿಗೆ ಅದು ಗೊತ್ತೇ ಆಗಲಿಲ್ಲ.

ಕೆಂಪು ಟೈ, ಬೋಳುತಲೆ, ಸೀನು. ಬೇರೆ ಯಾರಾದರೂ ಇಷ್ಟು ವಿವರ ಕೊಟ್ಟಿದ್ದರೆ ಆ ಕ್ಷಣವೇ ಸಂಶಯಪಡುತ್ತಿದ್ದೆ.

ಮೊಮ್ಮಗಳು ಮೈತ್ರಿ ಈ ವರ್ಷ ಅದೇ ಪರೀಕ್ಷೆಗೆ ಓದುತ್ತಿದ್ದಳು. ಓದಿಗೆ ಶಾಂತ ಜಾಗ ಬೇಕೆಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಳು. ಈಗಿನ ಪರೀಕ್ಷೆ ಕಂಪ್ಯೂಟರಿನ ಮೇಲೆ. ಚಾಕು ಖಡುಗಳು ಯಾವಾಗಲೋ ಹೋಗಿವೆ. ಅವುಗಳ ಜಾಗದಲ್ಲಿ ಕಣ್ಣಿನ ಪರೀಕ್ಷೆಯಂಥ ಪ್ರಶ್ನೆಗಳಿವೆ. ಮಡಚಿ ತೂತು ಹೊಡೆದ ಕಾಗದವನ್ನು ಬಿಡಿಸಿದರೆ ತೂತುಗಳು ಎಲ್ಲೆಲ್ಲಿರುತ್ತವೆ? ನಾಲ್ಕು ಕೋನಗಳಲ್ಲಿ ಚಿಕ್ಕದು ಯಾವುದು, ಅದಕ್ಕಿಂತ ದೊಡ್ಡದು ಯಾವುದು? ನಾನೂ ಒಂದು ಪ್ರಯತ್ನಿಸಿದೆ.

"ಇವು ನಾಲ್ಕೂ ಒಂದೇ ಅಳತೆಯವು. ಪ್ರಶ್ನೆ ತೆಗೆದವನು ಮೋಸ ಮಾಡಿದ್ದಾನೆ" ಎಂದೆ.

"ಅಜ್ಜಾ, ಯಾರೂ ಮೋಸ ಮಾಡಿಲ್ಲ. ನೀನು ಕನ್ನಡಕ ಒರೆಸ್ಕೋ."

ಒರೆಸಿಕೊಂಡೆ. ಆಗಲೂ ಒಂದೇ ಅಳತೆ. ಆದರೆ ನನ್ನ ಸಂಶಯ ಅಷ್ಟರಲ್ಲಿ ಕೋನಗಳನ್ನು ಬಿಟ್ಟು ಮೈತ್ರಿಯ ಕಡೆ ತಿರುಗಿತ್ತು. ಅವಳು ಪರೀಕ್ಷೆಯ ತಾರೀಖನ್ನು ಆಗಲೇ ಎರಡು ಸಲ ಮುಂದೂಡಿದ್ದಳು. ಮೊದಲ ಸಲ ನೆಗಡಿ ಎಂದಳು. ಆ ವಾರ ಅವಳು ಒಂದು ಸಲವೂ ಸೀನಿದ್ದನ್ನು ನಾನು ಕೇಳಿಲ್ಲ. ಎರಡನೆಯ ಸಲ ಜೀವಶಾಸ್ತ್ರ ಬಾಕಿಯಿದೆ ಎಂದಳು. ಜೀವಶಾಸ್ತ್ರದ ಪುಸ್ತಕದ ಕೊನೆಯ ಪುಟದಲ್ಲಿ ಅವಳದೇ ಪೆನ್ಸಿಲ್ ಗುರುತುಗಳಿದ್ದವು. ಮೂರನೆಯ ತಾರೀಖಿಗೆ ಹ್ಯೂಸ್ಟನ್ನಿನಲ್ಲಿ ಜಾಗ ಸಿಗದೆ ಆಸ್ಟಿನ್ನಿನ ಕೇಂದ್ರ ಸಿಕ್ಕಿತ್ತು. ಇನ್ನೊಮ್ಮೆ ಮುಂದೂಡಿದರೆ ಈ ವರ್ಷ ಅರ್ಜಿ ಹಾಕುವ ಕಾಲವೇ ಮೀರುತ್ತದೆ. "ಫೇಲ್ ಆದ್ರೆ ಏನಾಗುತ್ತೆ ಬಿಡು, ನೀನೂ ಫೇಲ್ ಆಗಿದ್ದೆಯಲ್ಲ" ಎಂದು ಅವಳು ಆಗಾಗ ಹೇಳುತ್ತಿದ್ದಳು. ಹೇಳಿ, ಕನ್ನಡಕದ ಪೆಟ್ಟಿಗೆ ತೆರೆದು, ಮುರಿದ ಖಡುವನ್ನು ಒಮ್ಮೆ ನೋಡುತ್ತಿದ್ದಳು. ದೇವರ ಕೋಣೆಗೆ ಹೋಗಿ ಬಂದವರ ಹಾಗೆ.

ಪರೀಕ್ಷೆಗೆ ನಾಲ್ಕು ದಿನವಿರುವಾಗ ಮಧ್ಯಾಹ್ನದ ಊಟದ ಹೊತ್ತಿಗೆ ಲ್ಯಾಪ್‌ಟಾಪನ್ನೂ ನನ್ನ ಹಳೆಯ ಪಾಸ್‌ಪೋರ್ಟನ್ನೂ ತಂದು ಜೋಳದ ರೊಟ್ಟಿಯ ಪಕ್ಕ ಇಟ್ಟಳು.

"ಅಜ್ಜಾ, ನಿನ್ನ ಸ್ಟೋರಿ ಚೆಕ್ ಮಾಡಿದೆ. ಕಾರ್ವಿಂಗ್ ತೆಗೆದು ಹಾಕಿದ ಮೇಲೆ ನೀನು ಅಮೆರಿಕಕ್ಕೆ ಬಂದಿದ್ದೀಯ. ಸ್ಟಾಂಪ್ ನೋಡು."

ನೋಡಿದೆ. ವರ್ಷಗಳನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನೀವೂ ಪರಿಶೀಲನೆಗೆ ಇಳಿಯುತ್ತೀರಿ, ನನಗೆ ಅವಳೊಬ್ಬಳೇ ಸಾಕು.

ಗಂಗಾ ಪಲ್ಯ ಬಡಿಸುತ್ತ ಸಂತೋಷದಿಂದ ನಕ್ಕಳು. "ತಾಳಿ ನೋಡೂ ವಿದ್ಯಾ ಮೊಮ್ಮಗಳಿಗೆ ಕಲಿಸಿದವರು ಯಾರ್ರೀ? ಈಗ ಉಣ್ರಿ."

ಮೈತ್ರಿ ನಗಲಿಲ್ಲ. "ಹಾಗಾದ್ರೆ ನೀನು ಫೇಲ್ ಆಗಿದ್ದೂ ಸುಳ್ಳಾ?" ಎಂದು ಕೇಳಿದಳು. ನಾನು ಪಾಸಾಗಿದ್ದೆ ಎಂದು ಸುಳ್ಳು ಹೇಳಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ನನ್ನ ಸೋಲಿನ ಮೇಲೆ ಅವಳು ಒಂದಿಷ್ಟು ಭಾರ ಹಾಕಿ ನಿಂತಿದ್ದಳು. ಅದು ಕಾಲಡಿಯಿಂದ ಜರುಗಿತು.

ನಾನು ಮೊದಲು ಸಂಶಯಪಟ್ಟದ್ದು ಅವಳ ಮೂಲಗಳನ್ನು. ಎರಡು ಬೇರೆ ಕಡೆ ಹುಡುಕಿದೆ. ಅವೂ ಅವಳದೇ ಮಾತು ಹೇಳಿದವು. ಆಮೇಲೆ ಪಾಸ್‌ಪೋರ್ಟಿನ ಮುದ್ರೆಯನ್ನು ಭೂತಗನ್ನಡಿಯಿಂದ ನೋಡಿದೆ. ಕೊನೆಗೆ ಉಳಿದದ್ದು ಒಬ್ಬನೇ ಸಾಕ್ಷಿ: ಶಿವಾನಂದ. ಹುಬ್ಬಳ್ಳಿಯವನು, ನನಗಿಂತ ಎರಡು ವರ್ಷ ಮೊದಲೇ ಡಾಲಸ್‌ಗೆ ಬಂದವನು, ನನ್ನ ರೂಮ್‌ಮೇಟ್. ದಂತವೈದ್ಯನಾಗಿ ಈಗ ಅಲ್ಲೇ ನಿವೃತ್ತನಾಗಿದ್ದಾನೆ. ಮಾರನೆಯ ದಿನ ಸಂಜೆ ಅವನಿಗೆ ಫೋನ್ ಮಾಡಿದೆ.

"ಲೇ ಶಿವ್ಯಾ, ಆ ಖಡು ನೆನಪೈತೇನು?"

"ನನ್ನ ಖಡು ನನಗ ನೆನಪಿರೂದಿಲ್ಲೇನೋ! ಪರೀಕ್ಷಾಕ್ಕ ಪ್ರಾಕ್ಟೀಸ್ ಮಾಡಾಕ ಕೆತ್ತಿದ್ದೆ. ನೀ ಬಂದ ದಿನ ಊರಿಂದ ಹೊತ್ತು ತಂದ ಕುಕ್ಕರ್ ಅದರ ಮ್ಯಾಲ ಇಟ್ಟು ಮುರದಿ. ಇನ್ನೂ ಇಟಗೊಂಡೀಯೇನು ಅದನ್ನ?"

"ಹಂಗಾದ್ರ ನಾ ಪರೀಕ್ಷಾ ಬರದಿದ್ದು?"

"ಮುಂದಿನ ವರ್ಷ ಫಾರ್ಮ್ ತುಂಬಿದ್ದಿ. ಆವಾಗ ಖಡು ಗಿಡು ಏನೂ ಇರಲಿಲ್ಲ, ಬರೇ ಪೇಪರು. ನಾನ ನಿನ್ನ ಕಾರಿನ್ಯಾಗ ಕರಕೊಂಡು ಹೋಗಿ ಬಾಗಲಕ್ಕ ಬಿಟ್ಟೆ. ಒಂದು ತಾಸು ಬಿಟ್ಟು ಆ ಕಡೆ ಬಂದ್ರ ನೀ ಮೆಟ್ಟಲ ಮ್ಯಾಲ ಕುಂತೀದಿ. ಒಳಗ ಹೋಗೇ ಇರಲಿಲ್ಲ."

"ಯಾಕ ಅಂತ ಹೇಳಿದ್ದೆ?"

"ಬಾಗಲದ ಮ್ಯಾಲ ಹಚ್ಚಿದ ಟೈಮಿಗೂ ನಿನ್ನ ಚೀಟಿಯೊಳಗಿನ ಟೈಮಿಗೂ ತಾಳಿ ಆಗವಲ್ದು, ಏನೋ ಸಂಶೇ ಐತಿ, ಅಂದಿ."

ಫೋನ್ ಇಟ್ಟ ಮೇಲೆ ಮೆಟ್ಟಿಲು ನೆನಪಾಯಿತು. ಬಿಸಿಲಿಗೆ ಕಾದಿದ್ದ ಕಲ್ಲು ನೆನಪಾಯಿತು. ಒಳಗೆ ಹೋದರೆ ಫೇಲಾಗುತ್ತೇನೆ ಎಂಬ ಹೆದರಿಕೆಗೆ, ಹತ್ತು ನಿಮಿಷದ ವ್ಯತ್ಯಾಸವೊಂದು ನೆಪವಾಗಿ ಸಿಕ್ಕಾಗ ಆದ ಸಮಾಧಾನವೂ ನೆನಪಾಯಿತು. ಸಂಶೋಧಕನ ಮೊದಲ ಸಂಶಯ ಅದೇ ಇರಬೇಕು. ಒಳಗೆ ಹೋಗದವನು ಎನ್ನಿಸಿಕೊಳ್ಳುವುದಕ್ಕಿಂತ ಫೇಲಾದವನು ಎನ್ನಿಸಿಕೊಳ್ಳುವುದು ಹೆಚ್ಚು ಘನತೆಯದು. ಆ ಘನತೆಗಾಗಿ ನೆನಪು ನನಗೆ ಗೊತ್ತಾಗದಂತೆ ಶಿವಾನಂದನ ಖಡುವನ್ನು ನನ್ನ ಕೈಗಿಟ್ಟು, ಒಬ್ಬ ಬೋಳುತಲೆಯವನನ್ನು ಹಿಂದೆ ನಿಲ್ಲಿಸಿ, ಅವನಿಗೊಂದು ಕೆಂಪು ಟೈ ಕಟ್ಟಿ ಸೀನಿಸಿತು. ಬರೆದವನು ನಾನು, ಕಂಡರಿಸಿದವನು ಶಿವಾನಂದ, ಮುರಿದದ್ದು ಕುಕ್ಕರ್.

ಇದನ್ನು ಮೈತ್ರಿಗೆ ಹೇಳಬೇಕಿತ್ತು. ಪರೀಕ್ಷೆ ಮುಗಿಯಲಿ ಎಂದು ಮುಂದೂಡಿದೆ. ಮುಂದೂಡುವ ಗುಣ ಅವಳಿಗೆ ಎಲ್ಲಿಂದ ಬಂತೆಂಬ ಬಗ್ಗೆ ನಾನು ಹೆಚ್ಚಿನ ಸಂಶೋಧನೆ ನಡೆಸಲಿಲ್ಲ.

ಪರೀಕ್ಷೆ ಮಧ್ಯಾಹ್ನ ಹನ್ನೆರಡಕ್ಕೆ. ಬೆಳಿಗ್ಗೆ ಹೊರಟೆವು; ಅವಳು ಡ್ರೈವ್ ಮಾಡುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ನಿರ್ಗಮನದ ಫಲಕಗಳನ್ನು ಫೋನಿನ ನಕ್ಷೆಯೊಂದಿಗೆ ತಾಳೆ ನೋಡುತ್ತಿದ್ದೆ. ಪ್ರತಿ ಫಲಕಕ್ಕೂ ಕಾರು ತಿರುಗಿಬಿಡುತ್ತದೇನೋ ಎಂಬ ಸಂಶಯ. ದಾರಿಯಲ್ಲಿ ಬ್ಯಾಸ್ಟ್ರಾಪಿನ ಪೈನ್ ಮರಗಳನ್ನು ದಾಟಿದೆವು. ಆಸ್ಟಿನ್ ತಲುಪಿ, ಪರೀಕ್ಷಾ ಕೇಂದ್ರದ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ ಹಾಗೇ ಕೂತಳು.

"ಅಜ್ಜಾ, ಇಮೇಲ್‌ನಲ್ಲಿ ಆಫೀಸ್ ಸೂಟ್ ನಂಬರ್ ಒಂದಿದೆ, ಬೋರ್ಡ್ ಮೇಲೆ ಬೇರೆ ಇದೆ. ಸಮ್‌ಥಿಂಗ್ ಇಸ್ ಆಫ್. ರೀಶೆಡ್ಯೂಲ್ ಮಾಡೋದು ಬೆಟರ್ ಅಲ್ವಾ? ನೀನೇ ಹೇಳ್ತೀಯಲ್ಲ, ಮ್ಯಾಚ್ ಆಗದಿದ್ರೆ ನಂಬಬಾರದು ಅಂತ."

ಬೋರ್ಡು ನೋಡಿದೆ. ಅವಳು ಹೇಳಿದ್ದು ನಿಜ; ಸಂಖ್ಯೆಗಳು ಹೊಂದುತ್ತಿರಲಿಲ್ಲ. ಇಂಥ ವ್ಯತ್ಯಾಸ ಕಂಡಾಗ ನನ್ನ ಬೆರಳು ತಾನಾಗಿ ಪೆನ್ನು ಹುಡುಕುತ್ತದೆ. ಈ ಸಲ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಎಲ್ಲವನ್ನೂ ಹೇಳಿದೆ: ಖಡು ಯಾರದು, ಮುರಿದದ್ದು ಹೇಗೆ, ಬಾಗಿಲು, ಚೀಟಿ, ಹತ್ತು ನಿಮಿಷ, ಮೆಟ್ಟಿಲು.

"ನಾನು ಫೇಲ್ ಆಗಲಿಲ್ಲ ಪುಟ್ಟಾ. ಫೇಲ್ ಆಗೋದಕ್ಕೆ ಒಳಗೆ ಹೋಗಬೇಕಾಗಿತ್ತು."

ಅವಳು ನನ್ನ ಕಡೆ ತಿರುಗಿದಳು. ಆಮೇಲೆ ಕೇಳಿದಳು: "ಮತ್ತೆ ಸೀನಿದ್ದು ಯಾರು?"

"ಗೊತ್ತಿಲ್ಲ. ಹುಡುಕ್ತಾ ಇದ್ದೀನಿ."

"ಕೆಂಪು ಟೈ?"

"ಅದೂ ಸಿಕ್ಕಿಲ್ಲ."

ಅವಳಿಗೆ ನಗು ಬಂತು; ನಗುತ್ತಲೇ ಕಣ್ಣೊರೆಸಿಕೊಂಡಳು. "ಆ ಮೆಟ್ಟಿಲ ಮೇಲೆ ಒಂದು ತಾಸು ಏನು ಮಾಡಿದೆ?"

"ಏನೂ ಮಾಡಲಿಲ್ಲ. ಒಳಗೆ ಹೋದವರನ್ನು ಎಣಿಸಿದೆ, ಅನ್ನಿಸುತ್ತೆ."

ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಫೋನನ್ನೂ ಕಾರಿನ ಕೀಲಿಯನ್ನೂ ನನ್ನ ಕೈಗೆ ಕೊಟ್ಟು, ಗುರುತಿನ ಚೀಟಿಗಳನ್ನು ತೆಗೆದುಕೊಂಡು ಇಳಿದಳು. ನಾಲ್ಕು ಹೆಜ್ಜೆ ಹೋದವಳು ಹಿಂದಿರುಗಿ ಬಂದಳು. ಕಿಟಕಿಗೆ ಬಾಗಿ, "ಟೈಮ್ ಬರ್ಕೋ ಅಜ್ಜಾ. ಈ ಸಲ ಸರಿಯಾಗಿ ಬರಿ" ಎಂದಳು. ಹೋದಳು. ಬಾಗಿಲಲ್ಲಿ ಯಾರನ್ನೋ ಸಂಖ್ಯೆಯ ಬಗ್ಗೆ ವಿಚಾರಿಸಿದಳು. ಅವರು ಒಳಗೆ ಕೈ ತೋರಿಸಿದರು. ಬಾಗಿಲು ಮುಚ್ಚಿತು.

ಕಾರಿನಲ್ಲಿದ್ದ ಒಂದು ಹಳೆಯ ಲಕೋಟೆಯ ಹಿಂಬದಿಯಲ್ಲಿ ಬರೆದೆ: ವಾರ, ತಿಥಿ, ಸ್ಥಳ ಆಸ್ಟಿನ್. ಮೈತ್ರಿ ಒಳಗೆ ಹೋದಳು. ಬರೆದವನು ಅವಳ ಅಜ್ಜ. ಕಂಡರಿಸಿದವಳು ಎಂಬಲ್ಲಿ ಅವಳ ಹೆಸರು. ಟೈ ಕಟ್ಟಿದವರು ಯಾರೂ ಅಲ್ಲಿರಲಿಲ್ಲವಾದ್ದರಿಂದ ಅದನ್ನು ಸೇರಿಸಲಿಲ್ಲ. ಸಮಯ ಬರೆಯಲು ಹೋದಾಗ, ನನ್ನ ಕೈಗಡಿಯಾರಕ್ಕೂ ಕಾರಿನ ಗಡಿಯಾರಕ್ಕೂ ನಾಲ್ಕು ನಿಮಿಷದ ವ್ಯತ್ಯಾಸ ಕಂಡಿತು. ಎರಡನ್ನೂ ಬರೆದುಕೊಂಡೆ; ಯಾವುದು ಸರಿ ಎಂದು ನೋಡಲು ಹೋಗಲಿಲ್ಲ.