ಸೀಗೆಯ ಹಿಂದೆ ಬಿದ್ದ ರಾಗಿ

ಅಮ್ಮನ ತಲೆಯಲ್ಲಿ ಮತ್ತೆ ಬಂದ ಕೂದಲು ಬಿಳಿಯಾಗಿತ್ತೋ ಬೂದಿ ಬಣ್ಣದ್ದೋ, ಈಗ ಹೇಳಲಾರೆ. ಅಕ್ಕ ಬಿಳಿ ಅನ್ನುತ್ತಾಳೆ. ಮುಟ್ಟಿದರೆ ಹೊಸ ಟವಲಿನ ಹಾಗಿತ್ತು ಎಂಬುದಷ್ಟೇ ನನ್ನ ಬೆರಳಿಗೆ ಗೊತ್ತು. ಆಸ್ಪತ್ರೆಯ ಔಷಧಿಗೆ ಪೂರ್ತಿ ಉದುರಿಹೋಗಿದ್ದ ಕೂದಲು ಅದು. ಹೊಸದಾಗಿ ಬಂದಿರುವುದಕ್ಕೆ ಮೊದಲ ತಲೆಸ್ನಾನ ಶಾಂಪೂವಿನಲ್ಲಿ ಆಗಕೂಡದು ಎಂದು ಅಮ್ಮ ಹಟ ಹಿಡಿದಳು. ಅವಳಿಗೆ ಶಾಂಪೂ ವಾಸನೆ ಎಂದರೆ ವಾರ್ಡಿನ ವಾಸನೆ.

"ಸೀಗೆಕಾಯಲ್ಲಿ ತಲೆಗ್ ನೀರ್ ಹಾಕ್ಕಂಡ್ರೇನೇ ನಾನು ಮನೆಗ್ ಬಂದಂಗೆ ಕಣೋ," ಎಂದಳು.

ಅವಳು ಮನೆಗೆ ಬಂದು ಆಗಲೇ ಎಷ್ಟೋ ತಿಂಗಳಾಗಿತ್ತು.

ತುಮಕೂರಿನ ಸದಾಶಿವನಗರದ ಈ ಬಾಡಿಗೆ ಮನೆಗೂ ಅಮ್ಮ ಅಂಗಡಿಯಿಂದ ತರಿಸಿದ್ದು ಕಡಿಮೆ. ಪಾತ್ರೆ ತಿಕ್ಕಲು ಅಂಟುವಾಳದ ನೀರು. ಕಸ ಗುಡಿಸಲು, ರಸ್ತೆ ಬದಿ ಬಿದ್ದ ತೆಂಗಿನ ಗರಿಯಿಂದ ಸೀಳಿದ ಕಡ್ಡಿಪೊರಕೆ. ಮಳೆ ಬಿದ್ದರೆ ಖಾಲಿ ಸೈಟುಗಳಲ್ಲಿ ತಾನಾಗಿ ಏಳುವ ಅಣ್ಣೆಸೊಪ್ಪು, ಗಣಿಕೆಸೊಪ್ಪು ಸಾರಿಗೆ. ಇದನ್ನು ಬಡತನವೆಂದು ಒಂದು ಕಾಲದಲ್ಲಿ ನಾಚಿದ್ದೆ; ಈಚೆಗೆ ನಾಲ್ಕು ಜನ ಹೊಗಳಿದಾಗ ಹೆಮ್ಮೆಯನ್ನೂ ಪಟ್ಟಿದ್ದೇನೆ. ಅಮ್ಮನಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಕಣ್ಣೆದುರು ಬೆಳೆದು ನಿಂತಿರುವುದನ್ನು ಅಂಗಡಿಯಲ್ಲಿ ಯಾಕೆ ಕೇಳಬೇಕು ಎಂಬುದಷ್ಟೇ ಅವಳ ಮಾತು.

ಆ ವರ್ಷ ಹೊರಗೆ ತಿರುಗುವ ಶಕ್ತಿ ಅವಳಿಗಿರಲಿಲ್ಲ, ಹಾಗಾಗಿ ನಾನು ಹೋದೆ. ಕುಣಿಗಲ್ ಹತ್ತಿರ ದೊಡ್ಡಮ್ಮನ ಹೊಲದ ಬೇಲಿಗೆ ಸೀಗೆ ಬಳ್ಳಿ ಹಬ್ಬಿದೆ. ಅದರ ಮುಳ್ಳು ಹಿಂದಕ್ಕೆ ಬಾಗಿರುತ್ತದೆ. ಕೈಯನ್ನು ಒಳಗೆ ಸುಮ್ಮನೆ ಬಿಟ್ಟುಕೊಂಡು, ತೆಗೆಯುವಾಗ ಹಿಡಿದುಕೊಳ್ಳುತ್ತದೆ. ಅಂಗಿಯ ತೋಳು ಹರಿಯಿತು. ಕೆರೆ ಏರಿಯ ಆಚೆ ಚಿಗರೆ ಮರದ ಸೊಪ್ಪನ್ನೂ ಸವರಿಕೊಂಡೆ. ಹುಣಸೆ ಎಲೆಯಂಥ ಸಣ್ಣ ಎಲೆ. ನೆರಳಿನಲ್ಲಿ ಒಣಗಿಸಿ ಸೀಗೆಯ ಜೊತೆ ಬೆರೆಸಿದರೆ ಕೂದಲು ಒರಟಾಗುವುದಿಲ್ಲ. ಅಮ್ಮ ಮಂಚದ ಮೇಲೆ ಕೂತೇ ಕಾಯಿ ಮುರಿದು ಬೀಜ ತೆಗೆದಳು, ಒಂದು ಹಿಡಿ ಮೆಂತ್ಯ ಸೇರಿಸಿದಳು.

ಮಿಕ್ಸಿಗೆ ಹಾಕಿದೆ. ಬ್ಲೇಡು ಮುರಿಯಿತು. ಆಗಿದ್ದಷ್ಟು ಪುಡಿ ತರಿತರಿಯಾಗಿತ್ತು, ಎದ್ದ ಧೂಳಿಗೆ ಅಮ್ಮ ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡಳು. ಹೊಸ ನೆತ್ತಿಗೆ ತರಿ ಉಜ್ಜಿದರೆ ಗೀರಿ ರಕ್ತ ಬರುತ್ತದೆ; ಹಿಟ್ಟಿನ ಗಿರಣಿಯೇ ಆಗಬೇಕಿತ್ತು. ನಮ್ಮ ಸುತ್ತಲಿನ ಮೂರು ಗಿರಣಿಗಳಲ್ಲೂ ಚೀಲದ ಬಾಯಿ ಬಿಚ್ಚುವ ಮೊದಲೇ "ಸೀಗೆಕಾಯಾ? ಆಗಲ್ಲ" ಎಂದರು. ಗುಬ್ಬಿಯಲ್ಲಿ ಒಂದು ಕಡೆ ಬೀಸಿಕೊಡುತ್ತಾರೆ ಎಂದು ಯಾರೋ ಹೇಳಿದ್ದರಿಂದ ಬಸ್ಸು ಹತ್ತಿದೆ.

ಗುಬ್ಬಿಯ ಆ ಗಿರಣಿಯಲ್ಲಿ ಆರೇಳು ಹೆಂಗಸರು ರಾಗಿ ಚೀಲ, ಡಬ್ಬಿಗಳನ್ನು ಸಾಲಾಗಿ ಇಟ್ಟು ಕಟ್ಟೆಯ ಮೇಲೆ ಕೂತಿದ್ದರು. ನನ್ನ ಚೀಲದ ವಾಸನೆ ನನಗಿಂತ ಮುಂಚೆ ಒಳಗೆ ಹೋಯಿತು. ಒಬ್ಬಾಕೆ ನನ್ನ ಬೋಳು ತಲೆಯನ್ನೇ ನೋಡಿದಳು.

"ನೋಡ್ರೇ, ಸೀಗೆಕಾಯಿ ತಂದವ್ನೆ. ತಲೆ ಮೇಲೆ ಒಂದೆಳೆ ಇಲ್ಲ!"

"ಹಾಕ್ಕಂಡ್ ಹಾಕ್ಕಂಡೇ ಹಂಗಾಗಿರ್ಬೇಕು ಬುಡೇ," ಎಂದಳು ಪಕ್ಕದವಳು.

ನಾನೂ ನಕ್ಕೆ. ಇದು ಅಮ್ಮನಿಗೆ ಎಂದೆ. ಕೂದಲು ಹೋಗಿ ಮತ್ತೆ ಬಂದಿದೆ ಎಂದೂ ಹೇಳಿದೆ. ನಗು ನಿಂತುಹೋಯಿತು.

ಗಿರಣಿಯವನು ಚೀಲ ಇಣುಕಿದ. "ಬೀಸ್ತೀನಿ ಸಾರ್. ಹಿಂದೆ ಹಾಕೋ ಕಾಳೆಲ್ಲಿ?"

ಸೀಗೆ ಬೀಸಿದರೆ ಕಲ್ಲಿನಲ್ಲಿ ಕಹಿ ನಿಲ್ಲುತ್ತದಂತೆ. ಅದರ ಹಿಂದೆ ಬೀಳುವ ನಾಲ್ಕೈದು ಸೇರು ಕಾಳು ಆ ಕಹಿಯನ್ನು ಹೊತ್ತುಕೊಂಡು ಹೋಗಬೇಕು. ಅದಕ್ಕೇ ಸೀಗೆ ತರುವವರು ದನಕ್ಕೆ ಹಾಕುವ ಕಾಳನ್ನೂ ಜೊತೆಗೇ ತರುತ್ತಾರೆ. ಅಮ್ಮ ಹೇಳಿರಲಿಲ್ಲ. ಅದು ಹೇಳಬೇಕಾದ ಸಂಗತಿ ಎಂದು ಅವಳಿಗೆ ಹೊಳೆದಿರಲಾರದು.

"ಅಂಗಡೀಲಿ ಐದು ಕೇಜಿ ಅಕ್ಕಿ ತರ್ತೀನಿ. ಬೀಸಿ ಬಿಸಾಕಿ," ಎಂದೆ.

"ನಿಮ್ಮನೇಲಿ ಹಸು ಎಮ್ಮೆ ಅವಾ?"

"ಇಲ್ಲ."

"ಬಿಸಾಕಕ್ಕೆ ಅಂತ ನಾನು ಕಾಳು ಬೀಸಲ್ಲ," ಎಂದು ಅವನು ಸ್ವಿಚ್ಚಿನ ಮೇಲಿಂದ ಕೈ ತೆಗೆದ. ಕಟ್ಟೆಯ ಮೇಲಿದ್ದವರು ತಲೆಯಾಡಿಸಿದರು. ಅಷ್ಟು ಹೊತ್ತು ನನ್ನ ಕಡೆಗಿದ್ದವರೂ ಆ ಒಂದು ಮಾತಿಗೆ ದೂರವಾದರು ಅನ್ನಿಸಿತು. ಚೀಲ ಎತ್ತಿಕೊಂಡೆ.

ಆಗ ಸಾಲಿನ ಕೊನೆಯಲ್ಲಿದ್ದ ಒಬ್ಬಾಕೆ ಎದ್ದಳು. ಇದನ್ನು ನಾಲ್ಕು ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಅವಳ ಸೀರೆಗೆ ಬೇರೆ ಬಣ್ಣ ಬಂದಿದೆ, ಒಮ್ಮೆ ವಯಸ್ಸೂ ಬದಲಾಗಿದೆ. ಆದ್ದರಿಂದ ಸೀರೆಯನ್ನು ಬಿಟ್ಟೇಬಿಡುತ್ತೇನೆ. ಅವಳ ಮಾತು ಮಾತ್ರ ಬದಲಾಗಿಲ್ಲ.

"ನಂದು ಎಮ್ಮೇಗೆ ಕಣಪ್ಪ. ಇವರ್ದು ಬೀಸ್ಬುಟ್ಟು ಹಿಂದ್ಗಡೆ ನಂದ್ ಹಾಕು."

"ಯಾವೆಮ್ಮೆ ಅಕ್ಕ?"

"ಎಷ್ಟೆಮ್ಮೆ ಬೇಕು ನಿಂಗೆ? ಸುಮ್ಕೆ ಹಾಕ್ಲಾ."

ಅವನು ಹಾಕಿದ. ಕಂದು ಧೂಳೆದ್ದು ಇಡೀ ಕಟ್ಟೆ ಸೀನಿತು. ಸೆರಗಿನೊಳಗಿಂದಲೇ ನನಗೆ ಬೈಗುಳ ಬಂತು. ಕೊನೆಗೆ ಕೈಗೆ ಬಂದ ಪುಡಿ ಬೆಚ್ಚಗಿತ್ತು, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಅದರ ಹಿಂದೆ ಅವಳ ರಾಗಿ ಬಿತ್ತು. ಥ್ಯಾಂಕ್ಸ್ ಎಂದೆ. "ಹೋಗಪ್ಪ, ಬಸ್ಸು ಹೊಂಟೋಯ್ತದೆ," ಎಂದಳು. ಬಸ್ಸಿಗೆ ಹೊತ್ತಾಗಿತ್ತೋ ಇಲ್ಲವೋ, ನಾನಂತೂ ಓಡಿದೆ.

ಮಾರನೇ ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆ ಬಗ್ಗಿಸಿ, ಕಲಸಿದ ಸೀಗೆಪುಡಿ ಹಚ್ಚಿದೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅವಳು ಮೂಗಿನಲ್ಲಿ ಉದ್ದಕ್ಕೆ ಉಸಿರೆಳೆದಳು. ನಾನು ಗಿರಣಿಯ ಕಥೆ, ಎಮ್ಮೆಯ ಕಥೆ ಎಲ್ಲಾ ಹೇಳಿದೆ.

"ರಾಗಿ ಯಾತ್ರಲ್ಲಿ ತಂದಿದ್ಲು?"

"ಸ್ಟೀಲ್ ಡಬ್ಬೀಲಿ."

"ಹಿಟ್ ತುಂಬ್ಕಂಡ್ಮೇಲೆ?"

"ಸೆರಗಲ್ಲಿ ಡಬ್ಬಿ ಬಾಯಿ ಒರೆಸಿ ಮುಚ್ಚಳ ಹಾಕಿದ್ಲು."

"ಎಮ್ಮೆ ಹಿಟ್ಟಿಗೆ ಯಾರ್ಲಾ ಡಬ್ಬಿ ಒರೆಸ್ತಾರೆ, ದಡ್ಡ?"

ಆ ರಾಗಿ ಕಲ್ಲು ಮಣ್ಣಿಲ್ಲದೆ, ತೊಳೆದು ಒಣಗಿಸಿದ್ದು, ಕೆಂಪಗೆ ಹೊಳೆಯುತ್ತಿತ್ತು ಎಂದು ಈಗ ನನಗೆ ನೆನಪಿದೆ. ಅಮ್ಮ ಕೇಳುವುದಕ್ಕೆ ಮುಂಚೆಯೂ ಈ ನೆನಪು ಇತ್ತೇ? ಆಣೆ ಮಾಡಲಾರೆ. ಮುಚ್ಚಳ ಮಾತ್ರ ನಿಜ. ಸರಿಯಾಗಿ ಕೂರದೆ ಅವಳು ಅಂಗೈಯಿಂದ ಎರಡು ಸಲ ಒತ್ತಿದ್ದಳು. ಅವಳ ಹೆಸರು ಕೇಳಿರಲಿಲ್ಲ, ಬೀದಿ ಯಾವುದೆಂದೂ ಕೇಳಿರಲಿಲ್ಲ.

ನನ್ನ ಕೈ ನೊರೆಯಲ್ಲೇ ನಿಂತಿತು.

"ಯಾಕ್ ನಿಲ್ಲಿಸ್ದೆ?" ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ. "ಅವರ ಮನೇಲಿ ಈ ವಾರವೆಲ್ಲ ಮುದ್ದೆ ಕಹಿ ಕಣೋ. ಚೆನ್ನಾಗಿ ಉಜ್ಜು."

ಉಜ್ಜಿದೆ. ಕಿವಿಯ ಹಿಂದೆ ಬಿಟ್ಟಿದ್ದಕ್ಕೆ ಬೈಸಿಕೊಂಡು, ಅಲ್ಲೂ ಉಜ್ಜಿದೆ.